ಎಡಚಕ್ರಕ್ಕೆ ಬಲಗಡೆಯ ಮೋಟಾರು

ಬೆಳಿಗ್ಗೆ ಎದ್ದು ಗಾಲಿಕುರ್ಚಿಗೆ ಜರುಗುವ ಮೊದಲು ಮೋಟಾರಕ್ಕ ಒಂದು ಕೆಲಸ ಮಾಡುತ್ತಾಳೆ. ಮಂಚದ ಅಂಚಿಗೆ ಬಂದು ಕೂತು, ಬಗ್ಗಿ, ಕುರ್ಚಿಯ ಹಿಂಬದಿಯಲ್ಲಿರುವ ಎರಡು ಕೆಂಪು ಹಿಡಿಗಳನ್ನು ಬಿಡಿಸುತ್ತಾಳೆ. ಬಿಡಿಸಿದರೆ ಬ್ರೇಕು ಸಡಿಲವಾಗಿ, ಕೈಯಿಂದ ತಳ್ಳಿದಾಗ ಚಕ್ರದ ಜೊತೆ ಮೋಟಾರೂ ತಿರುಗುತ್ತದೆ. ಆಮೇಲೆ ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ತಳ್ಳಿ, ಒಂದು ಗೇಣು ಹಿಂದಕ್ಕೆ ಎಳೆದು, ತಲೆ ವಾಲಿಸಿ ಕೇಳುತ್ತಾಳೆ. ಸದ್ದು ಸರಿಯಾಗಿದ್ದರೆ ಹಿಡಿಗಳನ್ನು ಮತ್ತೆ ಹಾಕಿ, ಮಂಚದಿಂದ ಕುರ್ಚಿಗೆ ಜರುಗಿ, ದಿನ ಶುರು ಮಾಡುತ್ತಾಳೆ. ಜ್ವರ ಬಂದು ಮಲಗಿದಾಗಲೂ ಇದು ತಪ್ಪಿಲ್ಲ. ತಮ್ಮನ ಮದುವೆಯ ದಿನ ಮನೆ ತುಂಬ ನೆಂಟರು ಗಲಗಲ ಅನ್ನುತ್ತಿದ್ದಾಗ, "ಒಂದು ನಿಮಿಷ ಎಲ್ಲರೂ ಬಾಯಿ ಮುಚ್ಚಿ" ಎಂದು ಗದರಿಸಿ, ಮದುಮಗನನ್ನೂ ಸೇರಿಸಿ ಎಲ್ಲರನ್ನೂ ಸುಮ್ಮನಾಗಿಸಿ, ಕೇಳಿಸಿಕೊಂಡೇ ಕುರ್ಚಿ ಹತ್ತಿದವಳು ಅವಳು.

ಎದುರುಮನೆಯಲ್ಲಿ ನಾನು ಕೈಮುಗಿದು ಕೂರುವುದೂ ಅದೇ ಹೊತ್ತಿಗೆ. ಅವಳದೂ ನನ್ನದೂ ಒಂದೇ ಕೆಲಸ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಸುಮ್ಮನಿದ್ದು ಕೇಳಿಸಿಕೊಳ್ಳುವುದು, ಆಮೇಲೆ ನಂಬಿ ಹೊರಡುವುದು.

ಚಿಕ್ಕಂದಿನಲ್ಲಿ ಬಂದ ಒಂದು ಕಾಯಿಲೆ ಅವಳ ಎರಡು ಕಾಲಿನ ಬಲವನ್ನೂ ತೆಗೆದುಕೊಂಡು ಹೋಯಿತು. ಅಪ್ಪ ಹೆಗಲ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದರು. ಅವಳು ಬೆಳೆದಳು, ಅಪ್ಪನಿಗೆ ವಯಸ್ಸಾಯಿತು, ಶಾಲೆ ನಿಂತಿತು. ಆಮೇಲೆ ಎಲ್ಲಿಗಾದರೂ ಹೋಗಬೇಕೆಂದರೆ ತಮ್ಮ ಎತ್ತಬೇಕು. ತಮ್ಮನ ಕೈ ಬಿಡುವಾಗುವ ತನಕ ಕಾಯಬೇಕು. "ನಾನು ಮೂಟೆ ಆಗಿದ್ದ ಕಾಲ" ಎಂದು ಅವಳು ಆ ವರ್ಷಗಳನ್ನು ಕರೆಯುತ್ತಾಳೆ. ನಗುತ್ತಲೇ ಹೇಳುತ್ತಾಳೆ, ಆದರೆ ಆ ಮಾತು ಬಂದಾಗ ಕೈಯಲ್ಲಿದ್ದ ಕೆಲಸ ಒಂದು ಗಳಿಗೆ ನಿಲ್ಲುತ್ತದೆ.

ಅವಳು ಲೋಕದ ಕಡೆಗೆ ಹೋಗಲಾಗದ್ದರಿಂದ ಲೋಕದ ಕೆಟ್ಟ ಸಾಮಾನು ಅವಳ ಕಡೆಗೆ ಬಂತು. ಮೊದಲು ಮನೆಯ ಫ್ಯಾನು. ಅಪ್ಪ ಬಿಸಾಡಲು ತೆಗೆದಿಟ್ಟಿದ್ದನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ತಿರುಗಿಸಿಬಿಟ್ಟಳು. ಆಮೇಲೆ ಪಕ್ಕದ ಮನೆಯ ಮಿಕ್ಸಿ, ಅದರಾಚೆ ಮನೆಯ ಒಗೆಯುವ ಯಂತ್ರ. ಯಾರೂ ಕಲಿಸಲಿಲ್ಲ. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಚಾಪೆಯ ಮೇಲೆ ಇಟ್ಟುಕೊಂಡು, ಸಾಲು ಹಿಂದಿನಿಂದ ಹಿಡಿದು ಜೋಡಿಸುತ್ತಾ ಕಲಿತಳು. ದುಡಿದು ದುಡಿದು, ಯಾರೋ ಬಳಸಿ ಬಿಟ್ಟಿದ್ದ ಮೋಟಾರು ಕುರ್ಚಿಯೊಂದನ್ನು ಕೊಂಡುಕೊಂಡಳು. ಮನೆಯಿರುವುದು ಏರುದಾರಿಯ ಬುಡದಲ್ಲಿ. ಕುರ್ಚಿ ಬಂದ ಮೇಲೆ ದಾರಿಯ ತುದಿಯಲ್ಲಿ, ಕ್ಷೌರದ ಅಂಗಡಿಯ ಪಕ್ಕ, ಒಂದು ಕೋಣೆ ಹಿಡಿದು ಅಂಗಡಿ ತೆರೆದಳು. ಬೆಳಿಗ್ಗೆ ಒಬ್ಬಳೇ ಏರುತ್ತಾಳೆ, ಸಂಜೆ ಒಬ್ಬಳೇ ಇಳಿಯುತ್ತಾಳೆ.

ಆ ಅಂಗಡಿ ನೋಡಬೇಕು. ಮೇಜು ಅವಳ ಮೊಣಕಾಲಿಗೆ ತಾಗದಷ್ಟೇ ಎತ್ತರ. ಸ್ಕ್ರೂಡ್ರೈವರು, ಇಕ್ಕಳ, ತಂತಿಯ ಸುರುಳಿ, ಸಣ್ಣ ದೊಡ್ಡ ಬೇರಿಂಗುಗಳ ಡಬ್ಬಿ, ಎಲ್ಲವೂ ಗೋಡೆಯಲ್ಲಿ ಅವಳ ಹೆಗಲಿಗಿಂತ ಕೆಳಗೆ. ಮೇಲಿನ ಅರ್ಧ ಗೋಡೆ ಖಾಲಿ. ಒಳಗೆ ಬಂದವರು ಏನನ್ನು ನೋಡಬೇಕಾದರೂ ಬಗ್ಗಬೇಕು. "ನನ್ನ ಅಂಗಡಿಯಲ್ಲಿ ತಲೆ ಬಗ್ಗಿಸಿದರೆ ಕೂದಲು ಹೋಗುತ್ತೆ, ಇಲ್ಲಿ ಸೊಕ್ಕು ಹೋಗುತ್ತೆ" ಎನ್ನುತ್ತಾನೆ ಕ್ಷೌರಿಕ.

ಮೋಟಾರು ಎಲ್ಲಿದೆ ಎಂದು ಅವಳು ಹುಡುಕುವುದು ಅಂಗೈಯಿಂದ. ಯಂತ್ರ ಶುರು ಮಾಡಿ, ಅದರ ಮೈಮೇಲೆಲ್ಲ ಅಂಗೈ ಆಡಿಸುತ್ತಾಳೆ. ನಡುಕ ಎಲ್ಲಿ ಹೆಚ್ಚೋ ಅಲ್ಲಿ ಸೀಮೆಸುಣ್ಣದಿಂದ ಒಂದು ಗುಂಡು. ಶಾಲಾ ವ್ಯಾನಿನ ಡ್ರೈವರು ಕಿಟಕಿಯ ಗಾಜು ಮೇಲೇಳುತ್ತಿಲ್ಲ ಎಂದು ಬಂದರೆ ಅವಳಿಗೆ ಖುಷಿ. ಗಾಜು ಎತ್ತುವ ಮೋಟಾರು ಇರುವುದು ಬಾಗಿಲ ಹೊದಿಕೆಯ ಒಳಗೆ, ಸರಿಯಾಗಿ ಅವಳ ಎದೆಯ ಮಟ್ಟಕ್ಕೆ. "ನೋಡು, ಇದನ್ನು ಮಾಡಿದವರು ನನ್ನನ್ನು ಕೇಳಿಯೇ ಮಾಡಿದ್ದಾರೆ" ಎನ್ನುತ್ತಾಳೆ. ವ್ಯಾನಿನ ಅಡಿಗೆ ತೂರಬೇಕಾದ ಕೆಲಸವಾದರೆ ಡ್ರೈವರೇ ಅವಳ ಕೈಕಾಲು. ಅವನು ಕೆಳಗೆ ಮಲಗಿ, ಇವಳು ಮೇಲೆ ಕೂತು, "ಇನ್ನೂ ಬಲಕ್ಕೆ. ನಿನ್ನ ಬಲಕ್ಕಲ್ಲವೋ, ವ್ಯಾನಿನ ಬಲಕ್ಕೆ" ಎಂದು ಬೈದು ಮಾಡಿಸುತ್ತಾಳೆ.

ನಮ್ಮ ಮಿಕ್ಸಿಯ ಬಾಡಿ ಬಿರುಕು ಬಿಟ್ಟಾಗ ನಾನೂ ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಮೋಟಾರನ್ನು ಈಚೆ ತೆಗೆದು, ತಿರುಗಿಸಿ, ಮೂಸಿ, ಹೊಸ ಬಾಡಿಗೆ ಕೂರಿಸುತ್ತಾ ಅವಳು ಹೇಳಿದಳು. "ನನ್ನ ಜಾತಕವೇ ಇದಕ್ಕೂ ಬಂದಿದೆ. ಮೋಟಾರು ಗಟ್ಟಿಮುಟ್ಟು, ಬಾಡಿ ಮಾತ್ರ ಕೈಕೊಟ್ಟಿದೆ." ನಾನು ಏನಾದರೂ ಸಮಾಧಾನದ ಮಾತು ಹುಡುಕುವ ಮೊದಲೇ ಅವಳು ಗುಂಡಿ ಒತ್ತಿ ಮಿಕ್ಸಿಯನ್ನು ಗುರ್ರ್ ಅನ್ನಿಸಿದ್ದಳು. ದೇವರು ಅವಳಿಗೆ ಕೊಡದೆ ಬಿಟ್ಟಿದ್ದರ ಬಗ್ಗೆ ಅವಳು ದೇವರನ್ನು ಎಂದೂ ಕೇಳಿಲ್ಲ. ಕೊಟ್ಟಿದ್ದನ್ನು ಎಣ್ಣೆ ಹಾಕಿ ಇಟ್ಟುಕೊಂಡಿದ್ದಾಳೆ.

ಇಂಥವಳು ತನ್ನದೇ ಮೋಟಾರಿನ ವಿಷಯದಲ್ಲಿ ಎಡವಿದಳು.

ಕೆಲವು ದಿನಗಳಿಂದ ಬೆಳಗಿನ ಹೊತ್ತು ಕುರ್ಚಿಯನ್ನು ತಳ್ಳಿ ಎಳೆದಾಗ ಎಡಗಡೆ ಒಂದು ಕೆರೆತ ಕೇಳಿಸುತ್ತಿತ್ತು. ಪಾತ್ರೆಯ ತಳವನ್ನು ಚಮಚದಿಂದ ಕೆರೆದ ಹಾಗೆ. ಬೇರೆ ಯಾರ ಯಂತ್ರವಾಗಿದ್ದರೂ ಅದೇ ದಿನ ಬಿಚ್ಚುತ್ತಿದ್ದಳು. ಆದರೆ ಇದನ್ನು ಬಿಚ್ಚಬೇಕಾದರೆ ಇದರಿಂದ ಇಳಿಯಬೇಕು. ಇಳಿದರೆ ಇಡೀ ದಿನ ನೆಲದ ಮೇಲೆ. ಅವಳು ಕೂತಾಗ ಅವಳ ಕೈಗೆ ಎಟುಕದ ಮೋಟಾರು ಊರಿನಲ್ಲಿ ಅದೊಂದೇ. ಕಲ್ಲಿನ ಚೂರು ಸಿಕ್ಕಿಕೊಂಡಿರಬೇಕು, ನಾಳೆ ನೋಡೋಣ ಎಂದುಕೊಂಡಳು. ಮಾರನೆಯ ದಿನವೂ ಹಾಗೇ ಅಂದುಕೊಂಡಳು.

ಒಂದು ಬೆಳಿಗ್ಗೆ ಏರುದಾರಿಯ ನಡುವೆ, ಬೇಕರಿಯ ಎದುರು ದಾರಿ ಇನ್ನಷ್ಟು ಕಡಿದಾಗುವ ಜಾಗದಲ್ಲಿ, ಕುರ್ಚಿ ಒಮ್ಮೆ ಕಿರುಚಿ ನಿಂತುಬಿಟ್ಟಿತು. ಸುಟ್ಟ ವಾಸನೆ ಬಂತು. ತಮ್ಮ ಕೆಲಸ ಮಾಡುವುದು ಆ ಬೇಕರಿಯಲ್ಲೇ. ಹಿಟ್ಟಿನ ಕೈಯಲ್ಲೇ ಓಡಿ ಬಂದ. ಮೇಲಿನಿಂದ ಕ್ಷೌರಿಕನೂ ಇಳಿದು ಬಂದ. ಇಬ್ಬರೂ ಸೇರಿ, ಹಿಡಿ ಬಿಡಿಸಿ, ಭಾರದ ಕುರ್ಚಿಯನ್ನು ಅವಳ ಸಮೇತ ಹಿಂದುಹಿಂದಕ್ಕೆ ಮನೆಯ ತನಕ ಇಳಿಸಿದರು. ಬಾಗಿಲಿಗೆ ಹಾಕಿದ ಇಳಿಜಾರನ್ನು ಕುರ್ಚಿ ಹತ್ತದೆ, ತಮ್ಮ ಅವಳನ್ನು ಎರಡು ಕೈಯಲ್ಲಿ ಎತ್ತಿಕೊಂಡ. ಒಳಗೆ ಇಳಿಸಿ ನೆಟ್ಟಗಾಗುವಾಗ ಸೊಂಟ ಹಿಡಿದುಕೊಂಡ. ಅವಳು ನೋಡಿದಳು. ಅವನ ಅಂಗಿಯ ಹಿಟ್ಟು ಅವಳ ಕೈಗೆಲ್ಲ ಮೆತ್ತಿಕೊಂಡಿತ್ತು.

ಸಂಜೆ ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಮೆಲ್ಲಗೆ ಮಾತು ತೆಗೆದಳು.

"ಅತ್ತಿಗೆ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮುಂದಿನ ಕೋಣೆ ಖಾಲಿ ಮಾಡಿಕೊಡ್ತೀವಿ. ಅಂಗಡಿ ಇಲ್ಲೇ ಇಟ್ಕೊಳ್ಳಿ. ಗಿರಾಕಿಗಳು ಇಲ್ಲಿಗೇ ಬರ್ತಾರೆ. ಮಳೆ ಬಿಸಿಲು ಯಾವುದೂ ಇಲ್ಲ."

"ಹೌದಕ್ಕ. ಆ ಕುರ್ಚಿಯನ್ನು ಎಷ್ಟು ದಿನ ಅಂತ ನಂಬ್ತೀಯ? ದಾರಿ ಮಧ್ಯ ನಿಂತರೆ?" ಎಂದ ತಮ್ಮ.

"ನೀನಿದೀಯಲ್ಲ, ಹಿಟ್ಟು ಮೆತ್ತೋಕೆ."

"ತಮಾಷೆ ಅಲ್ಲ ಅಕ್ಕ."

"ನಾನೂ ತಮಾಷೆ ಮಾಡ್ತಿಲ್ಲ ಕಣೋ. ನಿಮ್ಮಿಬ್ಬರ ಮನಸ್ಸು ನನಗೆ ಗೊತ್ತು. ಚಿನ್ನದಂಥ ಮನಸ್ಸು. ಆದರೆ ಈ ಬಾಗಿಲು ಒಬ್ಬಳೇ ದಾಟಲಾಗದೆ ನಾನು ಇಪ್ಪತ್ತೈದು ವರ್ಷ ಕೂತಿದ್ದೆ. ಮತ್ತೆ ಅಲ್ಲಿಗೇ ಹೋಗಿ ಕೂರು ಅಂದರೆ ಆಗಲ್ಲ. ಕುರ್ಚಿ ಓಡಿದರೆ ಅಂಗಡಿ ಮೇಲೆ. ಓಡದಿದ್ದರೆ ಆಮೇಲೆ ನಿಮ್ಮ ಮಾತು ಕೇಳ್ತೀನಿ."

ಹೀಗೆ ತನ್ನ ದಾರಿಯನ್ನು ತಾನೇ ಒಂದು ಮೋಟಾರಿಗೆ ಕಟ್ಟಿಬಿಟ್ಟಳು.

ಮಾರನೆಯ ದಿನ ಚಾಪೆ ಹಾಸಿಕೊಂಡು ನೆಲದ ಮೇಲೆ ಕೂತು, ಕುರ್ಚಿಯನ್ನು ಮಗುಚಿಸಿ ಹಾಕಿಸಿಕೊಂಡಳು. ನಾನು ಅವತ್ತು ಅಲ್ಲೇ ಇದ್ದೆ, ಟಾರ್ಚ್ ಹಿಡಿದುಕೊಂಡು. ಕುರ್ಚಿಗೆ ಇರುವುದು ಎರಡು ಮೋಟಾರು, ಒಂದೊಂದು ಚಕ್ರಕ್ಕೆ ಒಂದೊಂದು. ಎಡಗಡೆಯದನ್ನು ಬಿಚ್ಚಿ ಈಚೆಗೆ ತೆಗೆದಳು. ಮೋಟಾರಿನ ಹೊರಗಿನ ಕವಚ ಎಲ್ಲೋ ಕಲ್ಲಿಗೆ ಬಡಿದು ಕೂದಲೆಳೆಯಷ್ಟು ಸೀಳಿತ್ತು. ಸೀಳಿನಿಂದ ನೀರು ಹೋಗಿ, ಕವಚದ ಒಳಗೋಡೆಗೆ ಅಂಟಿಸಿದ್ದ ಅಯಸ್ಕಾಂತದ ಬಿಲ್ಲೆ ಬಿಟ್ಟುಕೊಂಡಿತ್ತು. ತಿರುಗುವ ಭಾಗಕ್ಕೆ ಅದು ಉಜ್ಜಿ ಉಜ್ಜಿ, ತಂತಿಯೆಲ್ಲ ಕರಕಲು.

"ಕೆರೆತ ಇದೇ" ಎಂದಳು. "ದಿನಾ ಹೇಳ್ತಾ ಇತ್ತು ಪಾಪ."

ತಂತಿಯನ್ನು ಹೊಸದಾಗಿ ಸುತ್ತಬಹುದಿತ್ತು. ಕವಚ ಹೋದದ್ದಕ್ಕೆ ದಾರಿಯಿರಲಿಲ್ಲ. ಆ ಮಾದರಿಯ ಕುರ್ಚಿ ಮಾಡುವುದನ್ನೇ ನಿಲ್ಲಿಸಿದ್ದರು. ಅವಳಿಗೆ ತಿಳಿದ ಅಂಗಡಿಗಳಿಗೆಲ್ಲ ಫೋನು ಮಾಡಿದಳು. ಎಲ್ಲಿಯೂ ಇಲ್ಲ. ಕೊನೆಗೆ ಸುಟ್ಟ ಮೋಟಾರನ್ನು ಚೀಲಕ್ಕೆ ಹಾಕಿ ವ್ಯಾನಿನ ಡ್ರೈವರಿನ ಕೈಗೆ ಕೊಟ್ಟು, ಗುಜರಿಗೆ ಕಳಿಸಿದಳು. "ಇದರ ಥರದ್ದೇ ಸಿಕ್ಕರೆ ತಗೊಂಡು ಬಾ."

ಅವನು ಮಕ್ಕಳನ್ನು ಶಾಲೆಗೆ ಬಿಟ್ಟು, ಗುಜರಿ ಹೊಕ್ಕು, ಮಧ್ಯಾಹ್ನದ ಹೊತ್ತಿಗೆ ಒಂದು ಗೋಣಿ ತುಂಬ ತಂದು ಸುರಿದ.

"ಇದೇನೋ?"

"ಮೋಟಾರು ಅಕ್ಕ."

"ಇದು ಒಗೆಯೋ ಯಂತ್ರದ ನೀರು ಹೊರಗೆ ಹಾಕೋದು. ಇದನ್ನು ಹಾಕಿದರೆ ನಾನು ಮುಂದೆ ಹೋಗಲ್ಲ, ಬೇಕಾದರೆ ಬೀದಿ ತೊಳೀತೀನಿ. ಇದು?"

"ಅದೂ ಮೋಟಾರೇ."

"ಬಸ್ಸಿನ ಗಾಜು ಒರೆಸೋದು. ನನ್ನನ್ನು ಆ ಕಡೆ ಈ ಕಡೆ ಆಡಿಸುತ್ತೆ, ಮುಂದಕ್ಕೆ ಮಾತ್ರ ಬಿಡಲ್ಲ."

ಅವನ ಮುಖ ಸಣ್ಣಗಾಯಿತು. "ಹಾಗಾದರೆ ನೀವೇ ಬನ್ನಿ ಅಕ್ಕ. ನಂಗೆ ಮೋಟಾರು ಅಂದರೆ ಎಲ್ಲಾ ಒಂದೇ ಥರ ಕಾಣ್ತವೆ."

ಅವಳು ಗೋಣಿಯನ್ನು ಪಕ್ಕಕ್ಕೆ ತಳ್ಳಿದಳು. ಹೋಗಬೇಕೆಂದರೆ ಎತ್ತಿಸಿಕೊಳ್ಳಬೇಕು. ಆಮೇಲೆ ಬೇಕರಿಯಿಂದ ತಮ್ಮನನ್ನು ಕರೆಸಿ, "ಬಾಪ್ಪ, ವ್ಯಾನಿಗೆ ಮೂಟೆ ಏರಿಸು. ಇದೊಂದು ಸಲ" ಎಂದಳು.

ಗುಜರಿಯ ಅಜ್ಜ ಒಂದು ತಗಡಿನ ತೊಟ್ಟಿಯನ್ನು ಬೋರಲು ಹಾಕಿ, ಮೇಲೆ ಹಳೇ ದಿಂಬು ಇಟ್ಟು ಅವಳಿಗೆ ಪೀಠ ಮಾಡಿಕೊಟ್ಟ. ಆಮೇಲೆ ಅವಳು ಬೆರಳು ತೋರಿಸಿದ್ದನ್ನೆಲ್ಲ ತಮ್ಮ ಎಳೆದು ತೋರಿಸಬೇಕಾಯಿತು. ಫ್ರಿಜ್ಜಿನ ಹಿಂದೆ, ಟೈರುಗಳ ರಾಶಿಯ ಅಡಿಯಲ್ಲಿ, ಒಂದು ಬಗ್ಗಿದ ಕಬ್ಬಿಣದ ಚೌಕಟ್ಟು ಕಂಡಿತು. ಅವಳ ಕುರ್ಚಿಯದೇ ಜಾತಿ. ಆಸನವಿಲ್ಲ, ಕೈಯಿಲ್ಲ, ಒಂದು ಚಕ್ರವಿಲ್ಲ. ಬಲಗಡೆಯ ಮೋಟಾರು ಮಾತ್ರ ಕವಚದ ಸಮೇತ ಹಾಗೇ ಇತ್ತು.

"ಎಡಗಡೆದು ಎಲ್ಲಿ ಅಜ್ಜ?"

"ಯಾರೋ ಬಿಚ್ಚಿಕೊಂಡು ಹೋದರಮ್ಮ. ನಿಂಗೆ ಎಡದ್ದೇ ಬೇಕಾ?"

"ಗೇರ್‌ಬಾಕ್ಸು ನಂದು ಚೆನ್ನಾಗಿದೆ. ಮೋಟಾರೂ ಕವಚವೂ ಸಿಕ್ಕರೆ ಸಾಕು. ಎಡ ಆದರೇನು ಬಲ ಆದರೇನು, ತಿರುಗೋದು ತಾನೇ ಅದರ ಕೆಲಸ!" ಎಂದಳು ಉಬ್ಬಿಹೋಗಿ. ಅಜ್ಜ ಬೆಲೆ ಹೇಳಲಿಲ್ಲ. ತಾನು ಮಧ್ಯಾಹ್ನ ಮಲಗುವ ಜಾಗದ ಫ್ಯಾನು ತೋರಿಸಿ, "ಇದು ಗಾಳಿಗಿಂತ ಜಾಸ್ತಿ ಗೊರಕೆ ಹೊಡೆಯುತ್ತೆ" ಎಂದ. ಅವಳು ಅಲ್ಲೇ ಕೂತು ಅದರ ಗೊರಕೆ ನಿಲ್ಲಿಸಿ ಬಂದಳು.

ಆ ಸಂಜೆ ಚಾಪೆಯ ಮೇಲೆ ಹಬ್ಬ. ತಂದ ಮೋಟಾರಿನ ಕವಚ ತೆಗೆದು, ಒಳಗೆಲ್ಲ ಒರೆಸಿ, ಅಯಸ್ಕಾಂತದ ಬಿಲ್ಲೆಗಳನ್ನು ಉಗುರಿನಿಂದ ಮೀಟಿ ಭದ್ರವೇ ಎಂದು ನೋಡಿ, ಸವೆದ ಕಾರ್ಬನ್ ತುಂಡು ಬದಲಿಸಿ, ಬೇರಿಂಗಿಗೆ ಹೊಸ ಗ್ರೀಸು ತುಂಬಿ ಮುಚ್ಚಿದಳು. ಅವಳದೊಂದು ಪದ್ಧತಿಯಿದೆ. ಯಾವ ಮೋಟಾರನ್ನೇ ಆಗಲಿ, ಜೋಡಿಸುವ ಮೊದಲು ಹೊರಗಿಟ್ಟು ತಿರುಗಿಸಿ ನೋಡುತ್ತಾಳೆ. ತಿರುಗುವ ದಿಕ್ಕಿಗೆ ಕವಚದ ಮೇಲೆ ಕೆಂಪು ಬಣ್ಣದ ಬಾಣ ಬರೆಯುತ್ತಾಳೆ. ಅವಳ ಕೈಯಿಂದ ಹೋದ ಪ್ರತಿ ಮಿಕ್ಸಿಯ ಹೊಟ್ಟೆಯಲ್ಲೂ ಆ ಬಾಣವಿದೆ. ಈಗ ಹಳೆಯ ಬಲಗಡೆಯ ಮೋಟಾರನ್ನೂ ಬಿಚ್ಚಿ, ಎರಡನ್ನೂ ಅಕ್ಕಪಕ್ಕ ಇಟ್ಟು, ತಂತಿ ಮುಟ್ಟಿಸಿ ತಿರುಗಿಸಿದಳು. ಎರಡೂ ಒಂದೇ ಕಡೆಗೆ, ಒಂದೇ ವೇಗದಲ್ಲಿ.

"ಅವಳಿ ಮಕ್ಕಳ ಹಾಗಿವೆ ಅಕ್ಕ" ಎಂದ ತಮ್ಮ.

"ಒಂದೇ ಹೊಟ್ಟೆಯವು, ಇನ್ನೇನು" ಎಂದು ಎರಡಕ್ಕೂ ಒಂದೇ ದಿಕ್ಕಿಗೆ ಬಾಣ ಬರೆದಳು. ಅಷ್ಟು ಅಂದದ ಬಾಣಗಳನ್ನು ಅವಳು ಹಿಂದೆಂದೂ ಬರೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ಕುರ್ಚಿ ಬೀದಿಗೆ ಬಂತು. ಸುದ್ದಿ ತಿಳಿದು ಕ್ಷೌರಿಕ ಬಂದ, ವ್ಯಾನಿನ ಡ್ರೈವರು ಬಂದ, ತಮ್ಮನ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಮೋಟಾರಕ್ಕ ಕೂತು, ಬೆನ್ನು ನೆಟ್ಟಗೆ ಮಾಡಿ, ಕುರ್ಚಿ ನಡೆಸುವ ಕೈಹಿಡಿಯನ್ನು ಮುಂದಕ್ಕೆ ಒತ್ತಿದಳು.

ಕುರ್ಚಿ ಮುಂದಕ್ಕೆ ಹೋಗಲಿಲ್ಲ. ನಿಂತ ಜಾಗದಲ್ಲೇ ಗಿರಕಿ ಹೊಡೆಯಿತು. ಒಂದು ಸುತ್ತು, ಎರಡು ಸುತ್ತು. ಅವಳು ಗಾಬರಿಯಲ್ಲಿ ಕೈಹಿಡಿಯನ್ನು ಹಿಂದಕ್ಕೆ ಎಳೆದಳು. ಇನ್ನೊಂದು ಕಡೆಗೆ ಗಿರಕಿ ಶುರುವಾಯಿತು. ಸೆರಗು ಹಾರಿತು, ಮಡಿಲಲ್ಲಿದ್ದ ಊಟದ ಡಬ್ಬಿ ಹಾರಿ ಡ್ರೈವರಿನ ಕಾಲಿಗೆ ಬಿತ್ತು.

"ಅಕ್ಕ ಬುಗುರಿ ಆಗಿಬಿಟ್ಟಳಲ್ಲಪ್ಪೋ!" ಎಂದು ಕ್ಷೌರಿಕ ಹೊಟ್ಟೆ ಹಿಡಿದುಕೊಂಡ.

ಅವಳು ಕೈ ಬಿಟ್ಟಳು. ಕುರ್ಚಿ ನಿಂತಿತು. ನಗು ನಿಂತಿತು. ಎಲ್ಲರೂ ಅವಳ ಮುಖ ನೋಡಿದರು. ಅಂಥ ಮುಖವನ್ನು ನಾನು ಅವಳಲ್ಲಿ ಕಂಡಿರಲಿಲ್ಲ. ಕೊಟ್ಟ ಮಾತು ಅವಳಿಗೆ ನೆನಪಿತ್ತು. ತಮ್ಮನಿಗೂ ನೆನಪಿತ್ತು. ತಮ್ಮನ ಹೆಂಡತಿ ಹತ್ತಿರ ಬಂದು ಸೆರಗು ಸರಿಮಾಡಿ, "ಹೋಗಲಿ ಬಿಡಿ ಅತ್ತಿಗೆ" ಎಂದಳು. ಆ ಮೆದುಮಾತೇ ಹೆಚ್ಚು ನೋವು ಮಾಡಿತೋ ಏನೋ, ಅವಳು ಬಗ್ಗಿ ಚಕ್ರವನ್ನೇ ನೋಡತೊಡಗಿದಳು. ನಾನು ಮನಸ್ಸಿನಲ್ಲೇ ಒಂದು ಪ್ರಾರ್ಥನೆ ಹೇಳಿಕೊಂಡೆ.

ತಮ್ಮ ಅವಳ ಎದುರಿಗೆ ಮೊಣಕಾಲೂರಿ ಕೂತ. "ಇನ್ನೊಂದು ಸಲ ಒತ್ತು, ಸ್ವಲ್ಪವೇ." ಅವಳು ಬೆರಳತುದಿಯಲ್ಲಿ ಒತ್ತಿದಳು.

"ಬಲಚಕ್ರ ಹಿಂದಕ್ಕೆ ಹೋಗ್ತಾ ಇದೆ ಅಕ್ಕ."

"ಬಲದ್ದು ಹಳೇ ಮೋಟಾರು ಕಣೋ, ಅದು ಯಾಕೆ ಹಿಂದೆ ಹೋಗುತ್ತೆ? ಸರಿಯಾಗಿ ನೋಡು."

"ಕಣ್ಣೆದುರಿಗೇ ಇದೆಯಲ್ಲ, ಈ ಬಲಚಕ್ರ!" ಎಂದು ಅವನು ಬಲಗೈಯಿಂದ ತಟ್ಟಿದ.

"ಅದು ಎಡ!"

"ಬಲ!"

"ನೀನು ನನ್ನ ಎದುರಿಗೆ ಕೂತಿದೀಯೋ ಪೆದ್ದೇ! ನಿನ್ನ ಬಲ ಅಂದರೆ ನನ್ನ..."

ಅಲ್ಲಿಗೇ ಮಾತು ನಿಂತಿತು. ಅವಳು ತಮ್ಮನ ಕೈ ನೋಡಿದಳು, ತನ್ನ ಕೈ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಅಯ್ಯೋ ದೇವರೇ. ಅವೂ ಎದುರುಬದುರು ಕೂತಿವೆ! ಪೆದ್ದಿ ನಾನು, ಅವನ್ನ ಅಕ್ಕಪಕ್ಕ ಇಟ್ಟು ನೋಡಿದೆ."

ನಮಗೆ ಅರ್ಥವಾಗಲಿ ಎಂದು ಎರಡು ಮುಷ್ಟಿಗಳನ್ನು ಎದುರುಬದುರು ಹಿಡಿದು ತೋರಿಸಿದಳು. ಕುರ್ಚಿಯ ಅಡಿಯಲ್ಲಿ ಎರಡು ಮೋಟಾರುಗಳು ಎದುರುಬದುರಾಗಿ, ಒಂದು ಎಡಕ್ಕೆ, ಒಂದು ಬಲಕ್ಕೆ ಮುಖ ಮಾಡಿರುತ್ತವೆ. ಕುರ್ಚಿ ನೇರ ಹೋಗಬೇಕಾದರೆ ಒಂದು ತನ್ನ ಬಲಕ್ಕೂ ಇನ್ನೊಂದು ತನ್ನ ಎಡಕ್ಕೂ ತಿರುಗಬೇಕು. ಅವಳು ಎರಡನ್ನೂ ಒಂದೇ ಬಾಣಕ್ಕೆ ಕಟ್ಟಿದ್ದಳು. ಜೀವಮಾನವೆಲ್ಲ ಹೊಟ್ಟೆಗೊಂದೇ ಮೋಟಾರಿರುವ ಮಿಕ್ಸಿ, ಫ್ಯಾನುಗಳ ಜೊತೆ ಬಾಳಿದವಳಿಗೆ, ಜೋಡಿ ಬದುಕುವ ಮೋಟಾರುಗಳ ಸಂಸಾರ ತಿಳಿದಿರಲಿಲ್ಲ.

"ಮದುವೆ ಆಗಿದ್ದರೆ ಗೊತ್ತಿರ್ತಿತ್ತು" ಎಂದ ಕ್ಷೌರಿಕ. "ಒಬ್ಬರು ಆ ಕಡೆ ಎಳೆದರೆ ಒಬ್ಬರು ಈ ಕಡೆ ಎಳೀಬೇಕು, ಆಗಲೇ ಸಂಸಾರ ಮುಂದೆ ಹೋಗೋದು."

"ನಿನ್ನದು ಅದಕ್ಕೇ ಇನ್ನೂ ಗಿರಕಿ ಹೊಡೀತಿದೆ" ಎಂದು ಅವಳು ಅವನ ಬಾಯಿ ಮುಚ್ಚಿಸಿದಳು.

ಬೀದಿಯಲ್ಲೇ ಸ್ಟೂಲಿಗೆ ಇಳಿದು, ಕುರ್ಚಿ ಮಗುಚಿಸಿ, ಎಡಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದಳು. ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಕುರ್ಚಿ ಹತ್ತಿ ಒತ್ತಿದಳು. ಅದು ಹಗ್ಗ ಹಿಡಿದ ಹಾಗೆ ನೆಟ್ಟಗೆ ಹೋಗಿ ನಮ್ಮ ಮನೆಯ ಮೆಟ್ಟಿಲ ಮುಂದೆ ನಿಂತಿತು. ಮೊದಲು ಚಪ್ಪಾಳೆ ಹೊಡೆದದ್ದು ತಮ್ಮನ ಹೆಂಡತಿ.

"ಸಮತಟ್ಟಿನಲ್ಲಿ ಓಡಿತು. ಏರಿನಲ್ಲಿ?" ಎಂದ ತಮ್ಮ. ಅವನ ಪ್ರಶ್ನೆಯೂ ಸರಿಯೇ.

"ನಾಳೆ ನೋಡೋಣ" ಎಂದಳು ಅವಳು. ಈ ಸಲದ ನಾಳೆ ಸೋಮಾರಿ ನಾಳೆಯಾಗಿರಲಿಲ್ಲ. ಬ್ಯಾಟರಿ ತುಂಬಬೇಕಿತ್ತು.

ಮಾರನೆಯ ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು, ಹಿಡಿ ಬಿಡಿಸಿ, ಒಂದು ಗೇಣು ಮುಂದಕ್ಕೆ, ಒಂದು ಗೇಣು ಹಿಂದಕ್ಕೆ. ಎಡಗಡೆಯದು ಬಲಗಡೆಯದಕ್ಕಿಂತ ತುಸು ದಪ್ಪ ದನಿಯಲ್ಲಿ ಗುನುಗಿತು. ಕೆರೆತವಿಲ್ಲ. ಬೇರೆ ಮನೆಯಿಂದ ಬಂದದ್ದು, ದನಿ ಕೂಡಿಕೊಳ್ಳಲು ಸ್ವಲ್ಪ ದಿನ ಬೇಕು ಎಂದು ಆಮೇಲೆ ನನಗೆ ಹೇಳಿದಳು.

ಏರುದಾರಿ ಶುರುವಾಯಿತು. ನಾನು ಹಾಲಿನ ಪಾತ್ರೆ ಹಿಡಿದು ಅದೇ ದಾರಿಯಲ್ಲಿ ಹಿಂದಿನಿಂದ ಬರುತ್ತಿದ್ದೆ. ಚಪ್ಪಲಿ ಹೊಲಿಯುವವನ ಅಂಗಡಿ ದಾಟಿದಳು, ಗೋಡೆಯ ತಿರುವು ದಾಟಿದಳು. ಬೇಕರಿಯ ಎದುರು, ಮೊನ್ನೆ ಕುರ್ಚಿ ಕಿರುಚಿ ನಿಂತ ಆ ಕಡಿದಾದ ಜಾಗಕ್ಕೆ ಬಂದಾಗ ಕುರ್ಚಿಯ ವೇಗ ಕಡಿಮೆಯಾಯಿತು. ಬೇಕರಿಯ ಬಾಗಿಲಲ್ಲಿ ತಮ್ಮ ಹಿಟ್ಟಿನ ಕೈ ಕಟ್ಟಿಕೊಂಡು ನಿಂತಿದ್ದ. ಅವನು ಒಂದು ಹೆಜ್ಜೆ ಇಟ್ಟು, ಅಲ್ಲೇ ತಡೆದುಕೊಂಡ.

ಅಷ್ಟರಲ್ಲಿ ಹಿಂದಿನಿಂದ ಶಾಲಾ ವ್ಯಾನು ಬಂದು ಅವಳ ಪಕ್ಕದಲ್ಲೇ ಗಡಗಡ ಎನ್ನುತ್ತಾ ನಿಧಾನಿಸಿತು. ಅವಳೇ ಸರಿಮಾಡಿದ ಕಿಟಕಿಯ ಗಾಜು ಸರಾಗವಾಗಿ ಇಳಿಯಿತು. ಹಿಂದಿನ ಕಿಟಕಿಗಳಲ್ಲಿ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು.

"ಅಕ್ಕ, ಇನ್ನು ಮೇಲಿನದೆಲ್ಲ ಕಡಿದು. ಇವತ್ತೊಂದು ದಿನ ಗಾಡಿ ಹತ್ತಿಬಿಡಿ. ನಿಮ್ಮ ತಮ್ಮನೂ ಇಲ್ಲೇ ಇದಾನೆ, ಇಬ್ಬರೂ ಎತ್ತಿ ಕೂರಿಸ್ತೀವಿ. ಕುರ್ಚಿ ಹಿಂದೆ ಹಾಕೋಣ. ಹೇಗೂ ನಾನು ಆ ಕಡೆಯೇ ಹೋಗೋದು. ಬೇಕಾದರೆ ದಿನಾ ಬಿಡ್ತೀನಿ."

ಅವಳು ಕೈಹಿಡಿಯಿಂದ ಬೆರಳು ತೆಗೆಯಲಿಲ್ಲ. ತಲೆಯನ್ನು ಎಡಕ್ಕೆ ವಾಲಿಸಿಕೊಂಡೇ ಇದ್ದಳು. ಕುರ್ಚಿ ಇಂಚಿಂಚಾಗಿ ಏರುತ್ತಲೇ ಇತ್ತು.

"ನಿನ್ನ ಹೊಟ್ಟೆ ತಣ್ಣಗಿರಲಿ. ಬೇಡಪ್ಪ" ಎಂದಳು. "ನೀನು ಮುಂದೆ ಹೋಗು. ನಿನ್ನ ಗಾಡಿ ಸದ್ದಿನಲ್ಲಿ ನನ್ನ ಮೋಟಾರು ಏನು ಹೇಳ್ತಿದೆ ಅಂತ ಕೇಳಿಸ್ತಾ ಇಲ್ಲ."